ರೆಫ್ರಿ ಎಲ್ಲಿ ನಿಂದರಬೇಕು: ಫುಟ್‌ಬಾಲ್ ಮ್ಯಾಚ್‌ನ್ಯಾಗ ಆಟಗಾರರು, ಕೋಚ್, ನೋಡೂ ಮಂದಿನ್ನ ಸಂಭಾಳ್ಸೂದು ಹೆಂಗ

ಫುಟ್‌ಬಾಲ್‌ಗೆ ಇರೂ ನಿಯಮ 17. ಒಂದು ವಾರ ಕುಂತು ಓದಿದ್ರ ಯಾರಿಗರ ಬರ್ತಾವ. ಆದ್ರ ಮೊದಲನೇ ಸಲ ಸೀಟಿ ಹಿಡ್ಕೊಂಡು ಗ್ರೌಂಡಿಗೆ ಹೋದ ಹುಡುಗೂರು ಸಂಜಿಮುಂದ ಬಂದು ನನ್ನ ಕೇಳೂದು ನಿಯಮದ ಬಗ್ಗೆ ಅಲ್ಲ. "ಸರ, ಪೆನಾಲ್ಟಿ ಕೊಟ್ಟೆ, ಕರೆಕ್ಟ್ ಇತ್ತು, ಆದ್ರ ಆರು ಮಂದಿ ಬಂದು ಸುತ್ತ ನಿಂತು ಒದರಾಕತ್ರು, ಅವ್ರ ಕೋಚ್ ಒಳಗ ಬಂದ, ಹೊರಗಿಂದ ಯಾರೋ ನೀರಿನ ಬಾಟ್ಲಿ ಒಗದ್ರು, ಆವಾಗ ನಾ ಏನ್ ಮಾಡ್ಬೇಕಿತ್ತು?" ಅಂತ ಕೇಳ್ತಾರ.

ನಾ ತಿರುಗಿ ಒಂದ ಮಾತು ಕೇಳ್ತೀನಿ. ಸೀಟಿ ಹೊಡ್ಯೂವಾಗ ನೀ ಎಲ್ಲಿ ನಿಂತಿದ್ದಿ, ಹೊಡದ ಮ್ಯಾಲ ಎಲ್ಲಿಗೆ ಹೋದಿ? ಹೆಚ್ಚಾಗಿ ಉತ್ತರ ಅದ್ರಾಗ ಸಿಗ್ತೈತಿ. ನಲವತ್ತು ಮೀಟರ್ ದೂರದಿಂದ ಪೆನಾಲ್ಟಿ ಕೊಟ್ಟಿರ್ತಾನ, ಕೊಟ್ಟು ಅಲ್ಲೇ ನಿಂತಿರ್ತಾನ, ಅವ್ರು ಓಡಿ ಬಂದು ಸುತ್ತುಗಟ್ಟಿರ್ತಾರ. ಅದ ಪೆನಾಲ್ಟಿ ಹದಿನೈದು ಮೀಟರ್ ಸನೇಕ ನಿಂತು ಕೊಟ್ಟು, ಸೀಟಿ ಹೊಡದ ಕೂಡ್ಲೆ ಪೆನಾಲ್ಟಿ ಹೊಡ್ಯೂ ಸ್ಪಾಟ್ ಕಡೆ ಕೈ ತೋರಿಸ್ಕೋಂತ ಗುಂಪಿನಿಂದ ದೂರ ಸರದಿದ್ರ ಇಬ್ರು ಬರ್ತಿದ್ರು, ಆರು ಮಂದಿ ಬರ್ತಿರ್ಲಿಲ್ಲ. ಸೀಟಿ, ಕಾರ್ಡ್, ದನಿ ಎಲ್ಲಾ ಬೇಕು, ಖರೆ, ಆದ್ರ ನಾ ಇಷ್ಟು ವರ್ಷ ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಮ್ಯಾಚ್ ಆಡಿಸಿ ಕಲ್ತಿದ್ದು ಏನಂದ್ರ ಮಂದಿನ್ನ ಸಂಭಾಳ್ಸೂ ಕೆಲಸದಾಗ ಅರ್ಧಕ್ಕಿಂತ ಹೆಚ್ಚು ನಮ್ಮ ಕಾಲಾಗ ಐತಿ. ಅದಕ್ಕ ಇಲ್ಲಿ ಪ್ರತಿ ಸಂದರ್ಭದಾಗ ಎಲ್ಲಿ ನಿಂದರಬೇಕು ಅನ್ನೂದನ್ನ ಹಿಡ್ಕೊಂಡ ಹೇಳ್ತೀನಿ.

ಟಾಸ್ ಆಗೂಕಿಂತ ಮೊದ್ಲ

ಮ್ಯಾಚ್ ನಾಕು ಗಂಟೆಕ್ಕ ಇದ್ರ ಮೂರಕ್ಕ ಗ್ರೌಂಡಿನ್ಯಾಗ ಇರ್ರಿ. ನೆಟ್ ನೋಡ್ರಿ, ಗೋಲ್ ಪೋಸ್ಟ್ ಅಲ್ಲಾಡ್ತೈತೇನ ನೋಡ್ರಿ, ಸುಣ್ಣದ ಗೆರಿ ಕಾಣ್ತಾವೇನ ನೋಡ್ರಿ. ನಮ್ಮ ಕಡೆ ಮಳಿಗಾಲದಾಗ ಧಾರವಾಡದ ಜಿಟಿಜಿಟಿ ಮಳಿಗೆ ಮೂರು ತಾಸಿನ್ಯಾಗ ಗೆರಿ ಅಳಿಸಿ ಹೋಗಿರ್ತಾವ, ಪೆನಾಲ್ಟಿ ಏರಿಯಾದ ಗೆರಿ ಕಾಣಲಿಲ್ಲಂದ್ರ ಮುಂದಿನ ಜಗಳಕ್ಕ ನೀವ ಜಾಗ ಮಾಡಿಕೊಟ್ಟಂಗ ಆತು. ಎರಿ ಮಣ್ಣಿನ ಗ್ರೌಂಡ್ ಹಸಿ ಇದ್ರ ಬೂಟಿಗೆ ಮಣ್ಣು ಹತ್ತಿ ಆಟಗಾರ ಟೈಮಿಗೆ ನಿಂದ್ರಾಕ ಆಗೂದಿಲ್ಲ, ಟ್ಯಾಕಲ್ ತಡಾ ಬೀಳ್ತಾವ, ಅವತ್ತು ಮೊದಲ ಫೌಲ್‌ನಿಂದಾನ ಬಿಗಿ ಇರಬೇಕು ಅಂತ ಅಲ್ಲೇ ಮನಸ್ಸಿನ್ಯಾಗ ಗಟ್ಟಿ ಮಾಡ್ಕೊಬೇಕು.

ನಿಮ್ಮ ಅಧಿಕಾರ ಕಿಕ್-ಆಫ್‌ನಿಂದ ಶುರು ಆಗೂದಲ್ಲ ಅನ್ನೂದು ನೆನಪಿರ್ಲಿ. ಮ್ಯಾಚ್‌ಗಿಂತ ಮೊದ್ಲ ಗ್ರೌಂಡ್ ಪರೀಕ್ಷೆ ಮಾಡಾಕ ಒಳಗ ಕಾಲಿಟ್ಟಾಗಿಂದ ಹಿಡದು, ಮ್ಯಾಚ್ ಮುಗದು ನೀವು ಹೊರಗ ಹೋಗೂತನಕ ಶಿಸ್ತಿನ ಅಧಿಕಾರ ನಿಮ್ಮ ಕೈಯಾಗ ಇರ್ತೈತಿ. ವಾರ್ಮ್-ಅಪ್ ಟೈಮಿನ್ಯಾಗ ಯಾರರ ಎದುರಿನವಂಗ ಹೊಡದ್ರ ಅವನ್ನ ಮ್ಯಾಚ್ ಆಡದಂಗ ತಡೀಬಹುದು.

ಟಾಸ್‌ಗೆ ಕ್ಯಾಪ್ಟನ್‌ಗಳು ಬಂದಾಗ ಭಾಷಣ ಬ್ಯಾಡ. ಮೂರು ಮಾತು ಸಾಕು. "ನನ್ನ ಹತ್ರ ಮಾತಾಡೂದಿದ್ರ ನೀವಿಬ್ರ ಬರ್ರಿ, ಬ್ಯಾರೆ ಯಾರೂ ಬರೂದ ಬ್ಯಾಡ. ನೀವು ಮರ್ಯಾದಿಲೆ ಕೇಳಿದ್ರ ನಾ ಕಾರಣ ಹೇಳ್ತೀನಿ." ಇದು ನಾ ಹುಟ್ಟಿಸಿದ ಪದ್ಧತಿ ಏನಲ್ಲ, 2024ರ ಯುರೋ ಕಪ್‌ನ್ಯಾಗ ಕ್ಯಾಪ್ಟನ್ ಒಬ್ಬನ ರೆಫ್ರಿ ಹತ್ರ ಬರಬೇಕು ಅಂತ ಮಾಡಿದ್ರು, ಈಗ ನಿಯಮದ ಪುಸ್ತಕದಾಗೂ ಅದರ ಮಾರ್ಗಸೂಚಿ ಐತಿ. ಕ್ಯಾಪ್ಟನ್ ಗೋಲ್‌ಕೀಪರ್ ಇದ್ರ, ಮೈದಾನದಾಗ ಆಡೂ ಇನ್ನೊಬ್ಬನ್ನ ಟಾಸ್ ಟೈಮಿಗೆ ಹೆಸರಿಸಬೇಕು, ಯಾಕಂದ್ರ ಕೀಪರ್ ಅಷ್ಟು ದೂರದಿಂದ ಓಡಿ ಬರಾಕ ಆಗೂದಿಲ್ಲ. ಮೂರನೇ ಮಾತು ಕೀಪರ್ ಬಗ್ಗೆನ: ಬಾಲ್ ಕೈಯಾಗ ಹಿಡದ್ರ 8 ಸೆಕೆಂಡ್, ದಾಟಿದ್ರ ಎದುರಿನವ್ರಿಗೆ ಕಾರ್ನರ್. 2025ರಿಂದ ಇದು ನಿಯಮ, ಮೊದ್ಲ 6 ಸೆಕೆಂಡ್ ಇತ್ತು, ಆದ್ರ ಶಿಕ್ಷೆ ಇನ್‌ಡೈರೆಕ್ಟ್ ಫ್ರೀಕಿಕ್ (ನೇರ ಹೊಡದ್ರ ಗೋಲ್ ಆಗದ ಕಿಕ್) ಇತ್ತು ಅಂತ ಯಾರೂ ಹೆಚ್ಚಾಗಿ ಕೊಡ್ತಿರ್ಲಿಲ್ಲ. ನಮ್ಮ ಲೋಕಲ್ ಟೂರ್ನಮೆಂಟಿನ ಭಾಳ ಕೀಪರ್‌ಗಳಿಗೆ ಇನ್ನೂ ಗೊತ್ತಿಲ್ಲ. ಮೊದ್ಲ ಹೇಳದ ಕಡೀ ಐದು ನಿಮಿಷದಾಗ ಕಾರ್ನರ್ ಕೊಟ್ಟ್ರ ಆ ಗ್ರೌಂಡಿನಿಂದ ಸಮಾಧಾನಲೆ ಹೊರಗ ಬರೂದು ಕಷ್ಟ. ಹೇಳಿಟ್ಟಿದ್ರ, ಮತ್ತ ಕಡೀ 5 ಸೆಕೆಂಡ್ ಕೈ ಎತ್ತಿ ಬೆರಳ ಮಡಚಿ ಎಣಿಸಿ ತೋರಿಸಿದ್ರ, ಅವನ ಟೀಮಿನವ್ರ "ಒಗಿಯೋ ಲಗೂನ" ಅಂತ ಅವಂಗ ಒದರ್ತಾರ.

ಒಂದು ಭಾಷೆ ವಿಷಯ. ಹುಬ್ಬಳ್ಳಿ ಗ್ರೌಂಡಿನ್ಯಾಗ ಕನ್ನಡನೂ ನಡೀತೈತಿ, ಉರ್ದುನೂ ನಡೀತೈತಿ, ಬೆಳಗಾವಿ ಟೀಮ್ ಬಂದ್ರ ಮರಾಠಿ, ಗೋವಾದವ್ರು ಬಂದ್ರ ಕೊಂಕಣಿ. ನಮಗ ಎರಡ್ಮೂರು ಭಾಷೆ ಬರ್ತಾವ ಅಂತ ಒಬ್ಬನ ಜೋಡಿ ಅವನ ಭಾಷೆದಾಗ ನಕ್ಕೋಂತ ಮಾತಾಡಿದ್ರ, ಅದು ತಿಳೀದ ಎದುರಿನ ಕ್ಯಾಪ್ಟನ್ ಮಾರಿ ನೋಡ್ರಿ. "ಇವ್ರು ಇವ್ರು ಒಂದ" ಅಂತ ಅವ ಅಲ್ಲೇ ತೀರ್ಮಾನ ಮಾಡಿರ್ತಾನ. ಅದಕ್ಕ ಮಹತ್ವದ ಮಾತು ಇಬ್ರಿಗೂ ತಿಳಿಯೂ ಭಾಷೆದಾಗ, ಇಬ್ರೂ ಮುಂದಿದ್ದಾಗ ಆಡ್ರಿ. ಊರು ಸಣ್ಣದು, ಆಡೂ ಹುಡುಗೂರಾಗ ನಾಕು ಮಂದಿ ನಮ್ಮ ಪರಿಚಯದವ್ರ ಇರ್ತಾರ, ಮ್ಯಾಚ್‌ಗಿಂತ ಮೊದ್ಲ ಒಂದು ಟೀಮಿನವ್ರ ಜೋಡಿ ಕುಂತು ಗಿರ್ಮಿಟ್ ತಿಂದು ಚಾ ಕುಡೀಬ್ಯಾಡ್ರಿ, ಕರದ್ರೂ ಬ್ಯಾಡ, ಮ್ಯಾಚ್ ಮುಗದ ಮ್ಯಾಲ ಎರಡೂ ಟೀಮಿನವ್ರು ಇದ್ದಲ್ಲೆ ಕುಡೀರಿ.

ಆಟಗಾರರ ಜೋಡಿ

ಮೊದಲ 15 ನಿಮಿಷ ಮ್ಯಾಚಿನ ಹದಾ ಹಾಕೂ ಟೈಮ್. ಆ ಹೊತ್ತಿನ್ಯಾಗ ಎಲ್ಲಾರೂ ನಿಮ್ಮನ್ನ ಅಳೀತಿರ್ತಾರ, ಎಷ್ಟು ಜಗ್ಗಿದ್ರ ಸೀಟಿ ಹೊಡೀತಾನ, ಎಷ್ಟು ಬೈದ್ರ ಸುಮ್ನ ಇರ್ತಾನ ಅಂತ. ಆವಾಗ ಎಷ್ಟು ಓಡ್ತೀರೋ ಅಷ್ಟು ಚಲೋ. ಬಾಲಿನ ಹಿಂದ ನೇರ ಓಡಬ್ಯಾಡ್ರಿ, ಸ್ವಲ್ಪ ಮಗ್ಗಲಿಗೆ, ಇಬ್ರು ಆಟಗಾರರ ನಡುವಿನ ಸಂದಿ ಕಾಣೂ ಹಂಗ ಇರ್ರಿ, ಹಿಂದಿಂದ ನೋಡಿದ್ರ ಬೆನ್ನು ಅಷ್ಟ ಕಾಣ್ತೈತಿ, ಕಾಲು ಬಾಲಿಗೆ ಹತ್ತಿತೋ ಮೊಣಕಾಲಿಗೆ ಹತ್ತಿತೋ ಕಾಣೂದಿಲ್ಲ. ಸನೇಕ ಇದ್ದು ಕೊಟ್ಟ ತಪ್ಪು ನಿರ್ಣಯಾನೂ ಮಂದಿ ಒಪ್ಕೋತಾರ, ದೂರ ನಿಂತು ಕೊಟ್ಟ ಕರೆಕ್ಟ್ ನಿರ್ಣಯ ಒಪ್ಕೊಳ್ಳೂದಿಲ್ಲ. ಇದು ನ್ಯಾಯ ಅಲ್ಲ, ಆದ್ರ ಗ್ರೌಂಡಿನ್ಯಾಗ ಹಂಗ ನಡೀತೈತಿ.

ಸೀಟಿಗೂ ದನಿ ಐತಿ. ಸಾದಾ ಫೌಲ್‌ಗೆ ಸಣ್ಣಂಗ ಒಮ್ಮೆ, ಕೆಟ್ಟ ಟ್ಯಾಕಲ್‌ಗೆ ಉದ್ದಕ ಜೋರಾಗಿ. ಎಲ್ಲದಕ್ಕೂ ಒಂದ ನಮೂನಿ ಊದಿದ್ರ, ಖರೇ ಗಂಭೀರ ಆದಾಗ ಅದು ಯಾರ ಕಿವಿಗೂ ಹೋಗೂದಿಲ್ಲ. ಥ್ರೋ ಇನ್‌ಗೆ ಎಲ್ಲಾರಿಗೂ ಗೊತ್ತಿದ್ದಾಗ ಊದಬ್ಯಾಡ್ರಿ. ಅಡ್ವಾಂಟೇಜ್ (ಫೌಲ್ ಆದ್ರೂ ಬಿದ್ದವನ ಟೀಮಿಗೆ ಲಾಭ ಐತಂತ ಆಟ ನಿಲ್ಲಿಸದ ಬಿಡೂದು) ಕೊಟ್ಟಾಗ ಕೈ ಮುಂದ ಚಾಚಿ ಬಾಯಿಲೆ ಜೋರಾಗಿ ಹೇಳ್ರಿ, "ನೋಡೀನಿ, ಆಡ್ರಿ!" ಅಂತ. ಆ 'ನೋಡೀನಿ' ಅನ್ನೂದು ಭಾಳ ಕೆಲಸ ಮಾಡ್ತೈತಿ, ಬಿದ್ದವ ತನಗ ಅನ್ಯಾಯ ಆಗಿದ್ದು ರೆಫ್ರಿಗೆ ಕಂಡೈತಿ ಅಂತ ಗೊತ್ತಾದ್ರ ಎದ್ದು ಹೋಗಿ ಸೇಡು ತೀರಿಸ್ಕೊಳ್ಳೂದಿಲ್ಲ. ಫೌಲ್ ಮಾಡಿದವಂಗ ಹಳದಿ ಕಾರ್ಡ್ (ಎಚ್ಚರಿಕಿ) ಕೊಡೂದಿದ್ರ ಮುಂದ ಬಾಲ್ ನಿಂತಾಗ ಹೋಗಿ ಕೊಡಬಹುದು, ಮರೀಬಾರದು ಅಷ್ಟ, ನಂಬರ್ ಬಾಯಾಗ ಅನ್ಕೋಂತ ಓಡ್ರಿ. ಆದ್ರ ರೆಡ್ ಕಾರ್ಡ್ (ಹೊರಗ ಕಳಿಸೂದು) ಆಗೂ ಅಂಥಾ ಟ್ಯಾಕಲ್ ಇದ್ರ ಗೋಲಿನ ಸ್ಪಷ್ಟ ಚಾನ್ಸ್ ಇದ್ರ ಅಷ್ಟ ಬಿಡ್ರಿ, ಇಲ್ಲಂದ್ರ ನಿಲ್ಲಿಸಿಬಿಡ್ರಿ, ಯಾಕಂದ್ರ ಅಡ್ವಾಂಟೇಜ್ ಕೊಟ್ಟ ಐದು ಸೆಕೆಂಡಿನ್ಯಾಗ ಹಿಂದ ಹೊಡದಾಟ ಶುರು ಆಗಿರ್ತೈತಿ, ನಿಮ್ಮ ಬೆನ್ನಿಗೆ ಕಣ್ಣಿಲ್ಲ.

ಒಂದು ಮ್ಯಾಚ್ ಹೇಳ್ತೀನಿ. ಧಾರವಾಡ, ಆಷಾಢದ ಮಳಿ, ಎರಡನೇ ಅರ್ಧ, 1-1. ನಡು ಗೆರಿ ಹತ್ರ ಎಂಟನೇ ನಂಬರ್ ಹುಡುಗ ತಿರುಗಾಕತ್ತಿದ್ದ, ಹಿಂದಿಂದ ಬಂದು ಒಬ್ಬ ಅವನ ಹಿಮ್ಮಡಿ ಮ್ಯಾಲ ಕಾಲಿಟ್ಟ. ನಾ ಹತ್ತು ಹೆಜ್ಜಿ ದೂರ. ಸೀಟಿ ಉದ್ದಕ ಹೊಡದೆ. ಎಂಟನೇ ನಂಬರ್ ಕೆಸರಿನಿಂದ ಎದ್ದ, ಕಣ್ಣು ಕೆಂಪಗ, ಮುಷ್ಟಿ ಕಟ್ಟಿದ್ದ. ಆ ಹೊತ್ತಿನ್ಯಾಗ ರೆಫ್ರಿ ಮೊದ್ಲ ಯಾರ ಕಡೆ ಹೋಗ್ಬೇಕು? ಫೌಲ್ ಮಾಡಿದವನ ಕಡೆ ಹೋಗಿ ಕಾರ್ಡ್ ತಗೀಬೇಕು ಅನಸ್ತೈತಿ. ನಾ ಹೋಗಿದ್ದು ಎಂಟನೇ ನಂಬರ್ ಕಡೆ. ಅವಂಗೂ ಫೌಲ್ ಮಾಡಿದವಂಗೂ ನಡುವ ಹೋಗಿ, ಮೈ ಮುಟ್ಟದ, ಕೈ ಕೆಳಗ ಇಟ್ಕೊಂಡು, "ನೋಡೀನಿ. ನಾ ಇದ್ದೀನಿ. ನೀ ಏನೂ ಮಾಡಬ್ಯಾಡ, ಮಾಡಿದ್ರ ನಿನ್ನೂ ಕಳಿಸ್ಬೇಕಾಗ್ತೈತಿ" ಅಂದೆ. ಸಣ್ಣ ದನಿಲೆ. ಅವನ ಉಸಿರು ಎರಡು ಸಲ ಮ್ಯಾಲ ಕೆಳಗ ಆತು, ಮುಷ್ಟಿ ಬಿಚ್ಚಿತು. ಆಮ್ಯಾಲ ಫೌಲ್ ಮಾಡಿದವನ್ನ ಕೈ ಮಾಡಿ ಕರದೆ, ಅವ ಬರೂತನಕ ನಾ ಹಿಂದ ಹಿಂದ ಸರದೆ, ಗುಂಪಿನಿಂದ ಏಳೆಂಟು ಹೆಜ್ಜಿ ಹೊರಗ ಬಂದ, ಅಲ್ಲಿ ಹಳದಿ ತೋರಿಸಿದೆ. ಅದು ಮುಗಿಯೂದ್ರಾಗ ಉಳದವ್ರು ತಮ್ಮ ತಮ್ಮ ಜಾಗಕ್ಕ ಹೋಗಿದ್ರು.

ಇದ್ರಾಗ ಎರಡು ಕೆಲಸ ಅದಾವ. ಒಂದು, ನೊಂದವನ ಸಿಟ್ಟಿಗೆ ಮೊದಲ ಐದು ಸೆಕೆಂಡ್ ಕೊಡೂದು. ಎರಡನೇದು, ಕಾರ್ಡ್ ಕೊಡೂವಾಗ ನೀವು ಅವನ ಹತ್ರ ನುಗ್ಗೂದಲ್ಲ, ಅವನ್ನ ನಿಮ್ಮ ಕಡೆ ಎಳೀಬೇಕು. ಕಾರ್ಡ್ ಮಾರಿ ಮುಂದ ಹಿಡೀಬ್ಯಾಡ್ರಿ, ಕೈ ನೆಟ್ಟಗ ಮ್ಯಾಲ ಎತ್ರಿ, ಅದು ಅವಂಗಷ್ಟ ಅಲ್ಲ ಎಲ್ಲಾರಿಗೂ ಕಾಣಬೇಕು. ಕಾರ್ಡ್ ಪದ್ಧತಿ ಬಂದಿದ್ದ ಅದಕ್ಕ: ಇಂಗ್ಲೆಂಡಿನ ರೆಫ್ರಿ ಕೆನ್ ಆಸ್ಟನ್ ಟ್ರಾಫಿಕ್ ಸಿಗ್ನಲ್ ನೋಡಿ ಹಳದಿ-ಕೆಂಪು ಅಂತ ವಿಚಾರ ಮಾಡಿದ, 1970ರ ಮೆಕ್ಸಿಕೊ ವರ್ಲ್ಡ್ ಕಪ್‌ನ್ಯಾಗ ಮೊದಲ ಸಲ ಬಂದ್ವು, ಅದಕ್ಕಿಂತ ಮೊದ್ಲ ಬಾಯಿಲೆ ಹೇಳ್ತಿದ್ರು, ಭಾಷೆ ತಿಳೀದ ಯಾರಿಗೆ ಏನ್ ಶಿಕ್ಷೆ ಆತು ಅಂತ ಆಟಗಾರರಿಗೂ ಗೊತ್ತಾಗ್ತಿರ್ಲಿಲ್ಲ, ಮಂದಿಗೂ ಗೊತ್ತಾಗ್ತಿರ್ಲಿಲ್ಲ.

ಮಾತಾಡೂದಕ್ಕೂ ಮೆಟ್ಟಲ ಅದಾವ. ಸಣ್ಣ ಪುಟ್ಟದಕ್ಕ ಓಡ್ಕೋಂತಾನ ಹೇಳ್ರಿ, "ಏಳನೇ ನಂಬರ್, ಕೈ ಬಿಡು", ಆಟ ನಿಲ್ಲಿಸೂದು ಬ್ಯಾಡ. ಎರಡನೇ ಸಲ ಆಟ ನಿಂತಾಗ ಅವನ್ನ, ಅವನ ಕ್ಯಾಪ್ಟನ್ನ ಕರದು ಎಲ್ಲಾರಿಗೂ ಕಾಣೂ ಹಂಗ "ಇದು ಕಡೀದು" ಅಂತ ಬೆರಳಿಲೆ ತೋರಿಸ್ರಿ, ಫೌಲ್ ಆದ ಜಾಗ ಇಲ್ಲಿ, ಇಲ್ಲಿ, ಇಲ್ಲಿ ಅಂತ. ಮೂರನೇದಕ್ಕ ಕಾರ್ಡ್. ಆವಾಗ ಯಾರೂ "ಯಾಕ?" ಅಂತ ಕೇಳೂದಿಲ್ಲ, ಕ್ಯಾಪ್ಟನ್‌ನ ಅವನ್ನ ಬೈತಾನ. ನಿರ್ಣಯದ ಬಗ್ಗೆ ಕೈ ಬೀಸಿ, ಬಾಲ್ ಒಗದು, ಎಲ್ಲಾರ ಮುಂದ ವಾದ ಮಾಡಿದ್ರ ಅದು ಡಿಸ್ಸೆಂಟ್, ಹಳದಿ. ಆದ್ರ ಗೋಲ್ ತಪ್ಪಿಸಿಕೊಂಡವ ನೆಲಕ್ಕ ಒದ್ದು ತನಗ ತಾನ ಬೈಕೊಂಡ್ರ ಅದನ್ನ ಕೇಳಿಸ್ಕೊಂಡಿಲ್ಲ ಅನ್ನೂ ಹಂಗ ಇರ್ರಿ, ಹುಡುಗೂರು ಆಟದ ಮ್ಯಾಲ ಜೀವಾ ಇಟ್ಟಿರ್ತಾರ. ಈ ಮೆಟ್ಟಲ ಎಲ್ಲಾ ಸಣ್ಣ ತಪ್ಪಿಗೆ ಅಷ್ಟ. ತಾಯಿ-ತಂಗಿ ಎತ್ತಿ ಬೈದ್ರ, ಜಾತಿ ಎತ್ತಿ, ಧರ್ಮ ಎತ್ತಿ ಅಂದ್ರ ಎಚ್ಚರಿಕಿ ಇಲ್ಲ, ಹಳದಿ ಇಲ್ಲ, ನೇರ ರೆಡ್. ನಮ್ಮ ಕಡೆ ಕೆಲವ್ರು "ಬಿಡ್ರಿ ಸರ, ಬಾಯಿ ರೂಢಿ ಐತಿ" ಅಂತಾರ. ನಾ ಬಿಡೂದಿಲ್ಲ, ನೀವೂ ಬಿಡಬ್ಯಾಡ್ರಿ. ಬೈಸ್ಕೊಂಡ ಹುಡುಗ ಮರುದಿನ ಗ್ರೌಂಡಿಗೆ ಬರೂದ ಬಿಟ್ಟಿದ್ದನ್ನ ನಾ ಕಣ್ಣಾರೆ ನೋಡೀನಿ.

ಫ್ರೀಕಿಕ್ ಬಗ್ಗೆ ನಮ್ಮ ರಾಜ್ಯದಾಗ ಆದ ಒಂದು ಸಂಗತಿ ಎಲ್ಲಾರಿಗೂ ನೆನಪಿರ್ತೈತಿ. 2023ರ ಮಾರ್ಚ್ 3, ಬೆಂಗಳೂರಿನ ಕಂಠೀರವ ಸ್ಟೇಡಿಯಂ, ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ನಾಕೌಟ್, ಬೆಂಗಳೂರು ಎಫ್‌ಸಿ ಮತ್ತ ಕೇರಳ ಬ್ಲಾಸ್ಟರ್ಸ್. ಎಕ್ಸ್‌ಟ್ರಾ ಟೈಮಿನ್ಯಾಗ ಬೆಂಗಳೂರಿನ ಸುನೀಲ್ ಛೆಟ್ರಿ, ಎದುರಿನವ್ರ ಗೋಡೆ (ಬಾಲ್ ತಡೀಯಾಕ ಸಾಲಾಗಿ ನಿಂದ್ರೂ ಆಟಗಾರರು) ನಿಂದ್ರೂಕಿಂತ ಮೊದ್ಲ ಲಗೂನ ಫ್ರೀಕಿಕ್ ಹೊಡದು ಗೋಲ್ ಮಾಡಿದ್ರು, ನಾವಿನ್ನೂ ರೆಡಿ ಇರ್ಲಿಲ್ಲ ಅಂತ ಬ್ಲಾಸ್ಟರ್ಸ್ ಟೀಮ್ ಮೈದಾನ ಬಿಟ್ಟು ಹೋತು. ಗೋಲ್ ಹಂಗ ಉಳೀತು, ಬೆಂಗಳೂರು ಗೆದ್ದಿತು, ಆಮ್ಯಾಲ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಬಿತ್ತು, ಅವ್ರ ಕೋಚ್‌ಗೆ 10 ಮ್ಯಾಚ್ ನಿಷೇಧ ಆತು. ನಿಯಮದ ಪ್ರಕಾರ ಫ್ರೀಕಿಕ್‌ಗೆ ಪ್ರತಿ ಸಲ ಸೀಟಿ ಬೇಕಂತಿಲ್ಲ, ಲಗೂನ ಹೊಡ್ಯೂದು ಅವ್ರ ಹಕ್ಕು. ಆದ್ರ ನಾವು ಕಲೀಬೇಕಾಗಿದ್ದು ಏನಂದ್ರ, ಆ ಎರಡು ಸೆಕೆಂಡಿನ್ಯಾಗ ರೆಫ್ರಿ ನಿಂತ ಜಾಗಾನ ಮಂದಿಗೆ ಮಾತಾಡ್ತೈತಿ. ಗೋಲ್ ಸನೇಕದ ಫ್ರೀಕಿಕ್‌ನ್ಯಾಗ ನೀವು ಬಾಲ್ ಹತ್ರ ಹೋಗಿ ನಿಂತು, ಹೆಜ್ಜಿ ಎಣಿಸಾಕ ಶುರು ಮಾಡಿದ್ರ ಅಂದ್ರ, ಡಿಫೆಂಡರ್‌ಗಳು "ಸೀಟಿ ಆಗೂತನಕ ಇಲ್ಲ" ಅಂತ ತಿಳ್ಕೊಂಡು ಮೈ ಸಡಲ ಬಿಡ್ತಾರ. ಹಂಗಿದ್ರ ಹೊಡ್ಯೂವಂಗ ಸೀಟಿ ಎತ್ತಿ ತೋರಿಸಿ "ಸೀಟಿ ಮ್ಯಾಲ" ಅಂತ ಹೇಳ್ರಿ, ಗೋಡೆನ್ನ 9.15 ಮೀಟರ್ ಹಿಂದ ಕಳಿಸಿ, ಆಮ್ಯಾಲ ಊದ್ರಿ. ಅವ ಲಗೂನ ಹೊಡೀತಾನ ಅನಸಿದ್ರ ಬಾಲ್ ಹತ್ರ ಹೋಗಬ್ಯಾಡ್ರಿ, ಮಗ್ಗಲಿಗೆ ಸರೀರಿ, ಮಾತಾಡಬ್ಯಾಡ್ರಿ. ಎರಡರ ನಡುವ ತೂಗ್ಯಾಡಿದ್ರ ಎರಡೂ ಟೀಮಿಗೆ ಮೋಸ ಆಗ್ತೈತಿ.

ಗುಂಪು ಜಗಳ ಆತಂದ್ರ ಒಳಗ ನುಗ್ಗಬ್ಯಾಡ್ರಿ. ಇಬ್ರ ನಡುವಿನ ತಳ್ಳಾಟಕ್ಕ ಮೊದಲ ಸೆಕೆಂಡಿನ್ಯಾಗ ನಡುವ ಹೋಗಬಹುದು, ಆದ್ರ ಎಂಟು-ಹತ್ತು ಮಂದಿ ಆದ್ರ ಎರಡು ಮೂರು ಸಲ ಜೋರಾಗಿ ಸೀಟಿ ಹೊಡದು ಹಿಂದ ಸರೀರಿ, ಎಲ್ಲಾರೂ ಕಾಣೂ ಜಾಗಕ್ಕ. ಒಬ್ಬ ಲೈನ್‌ಮನ್ (ಬಾಜು ಗೆರಿ ಮ್ಯಾಲ ಓಡಿ ರೆಫ್ರಿಗೆ ಸಹಾಯ ಮಾಡೂವ) ಇನ್ನೊಂದು ಬಾಜು ನಿಂದರಬೇಕು. ಯಾರು ಮೊದ್ಲ ಕೈ ಎತ್ತಿದ್ರು, ಯಾರು ದೂರದಿಂದ ಓಡಿ ಬಂದು ಸೇರಿದ್ರು ಅಂತ ನಂಬರ್ ಹಿಡೀರಿ. ಓಡಿ ಬಂದವನ ಮ್ಯಾಲ ಕಣ್ಣಿರ್ಲಿ, ಅವ ಸಿಟ್ಟಿಗೆ ಬಂದಿರೂದಲ್ಲ, ತಯಾರಾಗಿ ಬಂದಿರ್ತಾನ. ತಣ್ಣಗಾದ ಮ್ಯಾಲ ಲೈನ್‌ಮನ್ ಜೋಡಿ ಮಾತಾಡಿ, ಎರಡೂ ಕಡೆಯಿಂದ ಯಾರ್ಯಾರು ಅಂತ ತೀರ್ಮಾನ ಮಾಡಿ, ಕ್ಯಾಪ್ಟನ್‌ಗಳಿಗೆ ಹೇಳಿ ಕಾರ್ಡ್ ತಗೀರಿ. ಅವಸರ ಇಲ್ಲ. ಎರಡು ನಿಮಿಷ ಹೋದ್ರೂ ಹೋಗ್ಲಿ, ಕಡೀಕ ಸೇರಿಸಿಕೊಟ್ಟರಾತು.

ಹುಡುಗ್ಯಾರ ಮ್ಯಾಚ್‌ನ್ಯಾಗೂ ಇದ ರೀತಿ, ಇಷ್ಟ ಬಿಗಿ. "ಪಾಪ ಹುಡುಗ್ಯಾರು" ಅಂತ ಕೆಟ್ಟ ಟ್ಯಾಕಲ್ ಬಿಟ್ಟ್ರ ಇನ್ನೊಬ್ಬ ಹುಡುಗಿ ಕಾಲು ಮುರೀತೈತಿ. ಯಾರನ್ನೂ, ಹುಡುಗೂರನ್ನೂ, ಮುಟ್ಟಿ ಸಮಾಧಾನ ಮಾಡಾಕ ಹೋಗಬ್ಯಾಡ್ರಿ.

ಕೋಚ್ ಕುರ್ಚಿ ಕಡೆ

ನಿಯಮದಾಗ ಟೆಕ್ನಿಕಲ್ ಏರಿಯಾ ಅಂತ ಐತಿ, ಕುರ್ಚಿ ಇಟ್ಟ ಜಾಗದಿಂದ ಎರಡೂ ಬಾಜು 1 ಮೀಟರ್, ಮುಂದ ಟಚ್‌ಲೈನ್‌ಗೆ (ಮೈದಾನದ ಬಾಜು ಗೆರಿಗೆ) 1 ಮೀಟರ್ ಉಳಿಯೂತನಕ. ಒಂದು ಸಲಕ್ಕ ಒಬ್ಬನ ನಿಂತು ಸೂಚನಾ ಕೊಡಬೇಕು. ನಮ್ಮಲ್ಲೆ ನಾಕು ಪ್ಲಾಸ್ಟಿಕ್ ಕುರ್ಚಿ, ಅದಕ್ಕ ಗೆರಿ ಇರೂದಿಲ್ಲ. ಆಯೋಜಕರಿಗೆ ಹೇಳಿ ಸುಣ್ಣದ ಗೆರಿ ಹೊಡಸ್ರಿ, ಐದು ನಿಮಿಷದ ಕೆಲಸ. ಗೆರಿ ಇದ್ರ "ಸರ, ಗೆರಿ ಒಳಗ" ಅನ್ನೂದು ಸಾಕು, ಗೆರಿ ಇಲ್ಲಂದ್ರ "ನೀ ಯಾರು ನಂಗ ಹೇಳಾಕ" ಅನ್ನೂ ಮಾತು ಬರ್ತೈತಿ. ಎರಡೂ ಟೀಮಿನ ಕುರ್ಚಿ ಆಜೂಬಾಜೂ ಇಡಿಸಬ್ಯಾಡ್ರಿ.

2019ರ ಜೂನ್‌ನಿಂದ ಕೋಚ್‌ಗೂ, ಟೀಮಿನ ಬ್ಯಾರೆ ಅಧಿಕಾರಿಗಳಿಗೂ ಹಳದಿ, ಕೆಂಪು ಕಾರ್ಡ್ ತೋರಿಸಬಹುದು. ಕುರ್ಚಿಯಿಂದ ಯಾರು ಬೈದ್ರು ಅಂತ ಗೊತ್ತಾಗಲಿಲ್ಲಂದ್ರ ಅಲ್ಲಿದ್ದ ಹಿರಿಯ ಕೋಚ್‌ಗ ಅದು ಬೀಳ್ತೈತಿ. ಇದನ್ನ ಮ್ಯಾಚ್‌ಗಿಂತ ಮೊದ್ಲ ಕೋಚ್‌ಗೆ ಹೇಳಿಟ್ರ ಅವರ ತಮ್ಮ ಬೆಂಚ್ ಗಪ್ ಕುಂದ್ರಸ್ತಾರ. ಗೆರಿ ಪದೇ ಪದೇ ದಾಟೂದು, ಕೈ ಬೀಸಿ ವಾದ ಮಾಡೂದು, ಎದುರಿನವಂಗ ಕಾರ್ಡ್ ಕೊಡ್ರಿ ಅಂತ ಕೈಲೆ ಸನ್ನಿ ಮಾಡೂದು ಹಳದಿ. ರೆಫ್ರಿ ಜೋಡಿ ಜಗಳ ಮಾಡಾಕ ಮೈದಾನದೊಳಗ ಬರೂದು, ಎದುರಿನ ಟೀಮಿನ ಥ್ರೋ ತಡೀಯಾಕ ಬಾಲ್ ಹಿಡ್ಕೊಳ್ಳೂದು, ಬಾಟ್ಲಿ ಒಗಿಯೂದು ನೇರ ಕೆಂಪು.

ಆದ್ರ ಅಲ್ಲಿತನಕ ಹೋಗದಂಗ ನೋಡ್ಕೊಳ್ಳೂದ ಖರೇ ಜಾಣತನ. ಕೋಚ್ ಒಮ್ಮೆ ಒದರಿದ್ರ ಕಿವಿಗೆ ಹಾಕ್ಕೊಬ್ಯಾಡ್ರಿ, ಆಟದ ಬಿಸಿ. ಒಂದ ಮಾತು ಮತ್ತ ಮತ್ತ ಬಂದ್ರ ಬಾಲ್ ಹೊರಗ ಹೋದಾಗ ಆ ಕಡೆ ನಡಕೋಂತ ಹೋಗ್ರಿ, ಓಡಬ್ಯಾಡ್ರಿ, ಓಡಿದ್ರ ಜಗಳಕ್ಕ ಬಂದಂಗ ಕಾಣ್ತೈತಿ. ಅವರ ಎದುರು ಎದಿಗೆ ಎದಿ ಕೊಟ್ಟು ನಿಂದರಬ್ಯಾಡ್ರಿ, ಮಗ್ಗಲಿಗೆ, ಇಬ್ರೂ ಮೈದಾನದ ಕಡೆ ನೋಡೂ ಹಂಗ ನಿಂತು ಸಣ್ಣಗ ಹೇಳ್ರಿ. ಹಂಗ ನಿಂತ್ರ ಕೋಚ್‌ಗೂ ಮಂದಿ ಮುಂದ ಮರ್ಯಾದಿ ಉಳೀತೈತಿ, ನಿಮ್ಮ ಕಣ್ಣೂ ಆಟದ ಮ್ಯಾಲ ಇರ್ತೈತಿ. ಒಂದು ಪ್ರಶ್ನೆಗೆ ಒಂದು ಉತ್ತರ, ಹತ್ತು ಸೆಕೆಂಡ್, ಹೊಳ್ಳಿ ಬಂದುಬಿಡ್ರಿ.

ನನಗ ಇದು ಭಾಳ ಕಷ್ಟ ಆಗಿದ್ದು ಒಂದು ಶಾಲಾ ಟೂರ್ನಮೆಂಟ್‌ನ್ಯಾಗ. ಒಂದು ಟೀಮಿನ ಕೋಚ್, ನನಗ ಸಣ್ಣಾಂವ ಇದ್ದಾಗ ಆಟ ಕಲಿಸಿದ ಪಿಟಿ ಮಾಸ್ತರ. ಅವರ ಟೀಮಿನ ಗೋಲ್ ಆಫ್‌ಸೈಡ್ ಅಂತ ರದ್ದು ಮಾಡಿದೆ. ಮಾಸ್ತರ ಲೈನ್‌ಗೆ ಬಂದು ಎಲ್ಲಾ ಹುಡುಗೂರ ಮುಂದ, "ಲೇ, ಆಫ್‌ಸೈಡ್ ಅಂದ್ರ ಏನಂತ ನಿನಗ ಕಲಿಸಿದಾಂವ ನಾ!" ಅಂದ್ರು. ನನ್ನ ಕಾಲು ಒಂದು ಕ್ಷಣ ಅಲ್ಲೇ ನಿಂತ್ವು. ಸುಮ್ನ ಬಿಟ್ರ ಎದುರಿನ ಟೀಮಿಗೆ ಅನ್ಯಾಯ, ಅಲ್ಲೇ ಕಾರ್ಡ್ ತಗದ್ರ ಅವರ ಹುಡುಗೂರ ಮುಂದ ಮಾಸ್ತರ ತಲಿ ತಗ್ಗಿಸಬೇಕು. ನಡಕೋಂತ ಹೋದೆ, ಮಗ್ಗಲಿಗೆ ನಿಂತೆ. "ಸರ, ನೀವು ಕಲಿಸಿದ್ದಕ್ಕ ಈ ಗೆರಿ ನೋಡಾಕ ಬಂತು. ಇವತ್ತು ನಾ ರೆಫ್ರಿ, ಇನ್ನೊಂದು ಸಲ ಅಂದ್ರ ಹಳದಿ ಕೊಡ್ಬೇಕಾಗ್ತೈತಿ. ಕೂಡ್ರಿ ಸರ" ಅಂದೆ. ಅವ್ರು ನನ್ನ ಮಾರಿ ನೋಡಿದ್ರು, ಏನೂ ಅನಲಿಲ್ಲ, ಹೋಗಿ ಕುಂತ್ರು. ಅವತ್ತ ಇನ್ನೊಂದು ಸಲ ಅಂದಿದ್ರ ನಾ ಕೊಡ್ತಿದ್ದೆ, ಅದು ಅವ್ರಿಗೂ ಗೊತ್ತಿತ್ತು. ಸಣ್ಣ ಊರಿನ್ಯಾಗ ರೆಫ್ರಿ ಆದವಂಗ ಇಂಥಾದ್ದು ಬಂದ ಬರ್ತೈತಿ, ಮಾವ ಇರಬಹುದು, ಆಫೀಸಿನ ಸಾಹೇಬ್ರು ಇರಬಹುದು. ಮರ್ಯಾದಿ ಮಾತಿನ್ಯಾಗ ಕೊಡ್ರಿ, ನಿರ್ಣಯದಾಗ ಕೊಡಬ್ಯಾಡ್ರಿ.

ಲೈನ್ ಹೊರಗಿನ ಮಂದಿ

ದೊಡ್ಡ ಸ್ಟೇಡಿಯಂದಾಗ ಮಂದಿ ದೂರ ಕುಂತಿರ್ತಾರ. ನಮ್ಮಲ್ಲೆ ಹಂಗಿಲ್ಲ, ಗೆರಿ ಮ್ಯಾಲನ ನಿಂತಿರ್ತಾರ, ಬೈಕ್ ಗೆರಿ ತನಕ ತಂದು ಅದ್ರ ಮ್ಯಾಲ ಕುಂತಿರ್ತಾರ, ಲೈನ್‌ಮನ್‌ಗ ಓಡಾಕ ಜಾಗ ಇರೂದಿಲ್ಲ. ಕಿಕ್-ಆಫ್ ಆಗೂಕಿಂತ ಮೊದ್ಲ ಆಯೋಜಕರನ್ನ ಕರದು "ಎರಡೂ ಬಾಜು ಮೂರು ಮೀಟರ್ ಬಿಡಿಸ್ರಿ, ಹಗ್ಗ ಕಟ್ರಿ, ಬಿಡಿಸೂತನಕ ನಾ ಶುರು ಮಾಡೂದಿಲ್ಲ" ಅಂತ ಹೇಳ್ರಿ. ಹೇಳಿ ನಡು ಗ್ರೌಂಡಿನ್ಯಾಗ ಬಾಲ್ ಹಿಡ್ಕೊಂಡು ನಿಂದರ್ರಿ. ಮ್ಯಾಚ್ ನೋಡಾಕ ಬಂದ ಮಂದಿನ ಒಬ್ರಿಗೊಬ್ರು "ಸರೀರ್ಯೋ ಹಿಂದ" ಅಂತ ಸರಸ್ತಾರ. ಆಟ ನಡದಾಗ ಹೇಳಿದ್ರ ಯಾರೂ ಸರಿಯೂದಿಲ್ಲ.

ಶುರು ಶುರುವಿಗೆ ನಾ ಒಂದು ತಪ್ಪು ಮಾಡಿದ್ದೆ, ಅದನ್ನ ಹೇಳಬೇಕು. ಹುಬ್ಬಳ್ಳಿದಾಗ ಒಂದು ಸಂಜಿ ಮ್ಯಾಚ್, ಗೋಲ್ ಹಿಂದ ನಿಂತ ನಾಕೈದು ಮಂದಿ ಮೊದಲಿನಿಂದ ಬೈತಿದ್ರು. ಕಡೀಕ ನಂಗ ತಡ್ಕೊಳ್ಳಾಕ ಆಗದ ಆಟ ನಿಲ್ಲಿಸಿ ಅವ್ರ ಕಡೆ ಹೋದೆ, ಯಾರು ಅಂದದ್ದು ಅಂತ ಕೇಳಿದೆ. ಹೋಗೂವಾಗ ಐದು ಮಂದಿ ಇದ್ರು, ಹೋಗಿ ನಿಂದ್ರೂದ್ರಾಗ ಐವತ್ತು ಮಂದಿ ಆದ್ರು. ಅಲ್ಲಿ ನನ್ನ ಮಾತು ಯಾರೂ ಕೇಳಲಿಲ್ಲ, ಆಟಗಾರರೂ ನನ್ನ ಹಿಂದ ಬಂದು ಅವ್ರ ಜೋಡಿ ಮಾತಿಗಿಳದ್ರು, ಮ್ಯಾಚ್ ಇಪ್ಪತ್ತು ನಿಮಿಷ ನಿಂತು, ಕತ್ತಲಾಗಿ ಮುಗಸಾಕ ಆಗಲಿಲ್ಲ. ರೆಫ್ರಿಗೆ ಮಂದಿ ಮ್ಯಾಲ ಕಾರ್ಡ್ ಇಲ್ಲ, ನಿಮ್ಮ ಶಕ್ತಿ ಇರೂದು ಆಟ ನಿಲ್ಲಿಸೂದ್ರಾಗ ಅಷ್ಟ. ಅದಕ್ಕ ಮಂದಿ ಕಡೆ ಹೋಗೂದ ಬ್ಯಾಡ. ಆಟ ನಿಲ್ಲಿಸಿ, ನಡು ಗೆರಿ ಕಡೆ ಸರದು, ಆಯೋಜಕರನ್ನ, ಆ ಟೀಮಿನ ಕ್ಯಾಪ್ಟನ್ನ ಕರೀರಿ. "ಆ ಗೋಲ್ ಹಿಂದ ನೀಲಿ ಅಂಗಿ, ಅವರನ್ನ ಹೊರಗ ಕಳಿಸ್ರಿ, ಆಮ್ಯಾಲ ಶುರು ಮಾಡ್ತೀನಿ." ಕ್ಯಾಪ್ಟನ್ ಹೋಗಿ ತನ್ನ ಮಂದಿಗೆ ಹೇಳಿದ್ರ ಕೇಳ್ತಾರ, ಅವರಿಗೆ ತಮ್ಮ ಟೀಮ್ ಆಡೂದು ಬೇಕಿರ್ತೈತಿ.

ಸುಮ್ನ "ರೆಫ್ರಿ ಕಣ್ಣಿಲ್ಲೇನ್ಲೇ" ಅಂದದ್ದಕ್ಕ ಏನೂ ಮಾಡಬ್ಯಾಡ್ರಿ, ತಿರುಗಿ ಸೈತ ನೋಡಬ್ಯಾಡ್ರಿ. ತಿರುಗಿ ನೋಡಿದ್ರ ಹತ್ತಿತು ಅಂತ ಅವ್ರಿಗೆ ಗೊತ್ತಾಗ್ತೈತಿ. ಕಲ್ಲು, ಬಾಟ್ಲಿ ಬಂದ್ರ, ಜಾತಿ-ಧರ್ಮದ ಮಾತು ಬಂದ್ರ, ಆಟಗಾರರಿಗೆ ಧಮಕಿ ಬಂದ್ರ ಮೂರು ಹಂತ: ಮೊದ್ಲ ಆಟ ನಿಲ್ಲಿಸಿ ಮೈಕಿನ್ಯಾಗ ಅನೌನ್ಸ್ ಮಾಡಸೂದು, ಮತ್ತ ಆದ್ರ ಎರಡೂ ಟೀಮನ್ನ ಸ್ವಲ್ಪ ಹೊತ್ತು ಹೊರಗ ಕರಕೊಂಡು ಹೋಗೂದು, ಮೂರನೇ ಸಲಕ್ಕ ಮ್ಯಾಚ್ ಕೈಬಿಡೂದು. ಫಿಫಾ ಜನಾಂಗೀಯ ನಿಂದನೆಗೆ ಇದ ಮೂರು ಹಂತದ ಪದ್ಧತಿ ಇಟ್ಟೈತಿ. ಕೈಬಿಟ್ಟ ಮ್ಯಾಚಿನ ಫಲಿತಾಂಶ ಏನಂತ ಹೇಳೂದು ನಿಮ್ಮ ಕೆಲಸ ಅಲ್ಲ, ಅದು ಟೂರ್ನಮೆಂಟ್ ಕಮಿಟಿದು. ಗ್ರೌಂಡಿನ್ಯಾಗ ನಿಂತು "ನೀವು ಗೆದ್ರಿ" ಅಂತ ಅಂದುಗಿಂದೀರಿ ಮತ್ತ.

ಇನ್ನೊಂದು, ನಮ್ಮಲ್ಲೆ ಭಾಳ ಆಗೂದು: ಹೊರಗಿಂದ ಯಾರೋ ಸೀಟಿ ಹೊಡೀತಾರ. ಆಟಗಾರ ನಿಮ್ಮ ಸೀಟಿ ಅಂತ ತಿಳದು ಬಾಲ್ ಕೈಲೆ ಹಿಡೀತಾನ, ಎದುರಿನವ್ರು ಹ್ಯಾಂಡ್‌ಬಾಲ್ ಅಂತ ಬಾಯಿ ಬಡಕೋತಾರ. ಹ್ಯಾಂಡ್‌ಬಾಲ್ ಕೊಡಬ್ಯಾಡ್ರಿ. ಆ ಸೀಟಿ ಆಟಕ್ಕ ಅಡ್ಡ ಬಂದಿದ್ರ ನಿಲ್ಲಿಸಿ ಡ್ರಾಪ್ ಬಾಲ್ (ರೆಫ್ರಿನ ಬಾಲ್ ಕೆಳಗ ಬಿಟ್ಟು ಆಟ ಮತ್ತ ಶುರು ಮಾಡೂದು) ಕೊಡ್ರಿ, ನಿಯಮದಾಗ ಇದು ಸ್ಪಷ್ಟ ಐತಿ. ನಾಯಿ, ದನಾ ಒಳಗ ಬಂದು ಆಟ ಕೆಡಿಸಿದ್ರೂ ಹೆಚ್ಚಾಗಿ ಡ್ರಾಪ್ ಬಾಲ್‌ನ. ನಾ ಈಗ ಎರಡು ಸೀಟಿ ಇಟ್ಕೋತೀನಿ, ಬ್ಯಾರೆ ಬ್ಯಾರೆ ದನಿವು, ಮಂದಿ ಹತ್ರ ನನ್ನಂಥಾದ್ದ ಸೀಟಿ ಇದ್ರ ಕ್ಯಾಪ್ಟನ್‌ಗಳಿಗೆ ಹೇಳಿ ಬದಲಾಯಿಸ್ತೀನಿ.

ಸಣ್ಣ ಹುಡುಗೂರ ಮ್ಯಾಚಿಗೆ ಬರೂ ಅಪ್ಪ-ಅಮ್ಮಂದಿರ ಬಗ್ಗೆ: ಅವರು ರೆಫ್ರಿಗೆ ಬೈಯೂಕಿಂತ ತಮ್ಮ ಮಗಂಗ ಒದರೂದು ಹೆಚ್ಚು, "ಹೊಡೀ, ಹೊಡೀ, ಕಾಲಿಗೆ ಹಾಕು" ಅಂತ. ಹಾಫ್‌ಟೈಮಿನ್ಯಾಗ ಕೋಚ್‌ಗೆ ಹೇಳ್ರಿ, ನೇರ ಅಪ್ಪಂಗ ಹೇಳಬ್ಯಾಡ್ರಿ. ಹನ್ನೊಂದು ವರ್ಷದ ಹುಡುಗ ಥ್ರೋ ತಪ್ಪು ಹಾಕಿದ್ರ ಹೆಂಗ ಹಾಕ್ಬೇಕು ಅಂತ ಬಗ್ಗಿ ತೋರಿಸ್ರಿ, ಅದನ್ನ ನೋಡಿದ ಹೊರಗಿನವ್ರ ದನಿ ತಾನ ಇಳೀತೈತಿ.

ಕಡೀ ಸೀಟಿ ಆದ ಮ್ಯಾಲ

ಸೋತವ್ರು ಕೆಳಗ ಕುಂತಿರ್ತಾರ, ಗೆದ್ದವ್ರು ಕುಣೀತಿರ್ತಾರ, ಕೋಚ್ ಒಳಗ ಬರ್ತಾರ, ಮಂದಿ ಹಗ್ಗ ದಾಟ್ತಾರ. ಈ ಎರಡು ನಿಮಿಷದಾಗ ಮ್ಯಾಚಿನ್ಯಾಗ ಆಗದ ಜಗಳ ಆಗ್ತಾವ. ಬಾಲ್ ಇಸಗೊಂಡು ನಡು ಸರ್ಕಲ್‌ಗೆ ಹೋಗ್ರಿ, ಲೈನ್‌ಮನ್ ಇಬ್ರನ್ನೂ ಕರೀರಿ, ಮೂವರೂ ಬ್ಯಾರೆ ಬ್ಯಾರೆ ಕಡೆ ಮಾರಿ ಮಾಡಿ ನಿಂದರ್ರಿ. ಕೈ ಕುಲುಕಾಕ ಬಂದವ್ರಿಗೆ ಕುಲಕ್ರಿ, ನಿರ್ಣಯ ಕೇಳಾಕ ಬಂದವ್ರಿಗೆ "ಅರ್ಧಾ ತಾಸು ಬಿಟ್ಟು ಬರ್ರಿ, ಕುಂತು ಮಾತಾಡೂಣು" ಅನ್ರಿ. ಅರ್ಧಾ ತಾಸು ಆದ ಮ್ಯಾಲ ಬರೂವ್ರು ಕಡಿಮಿ, ಬಂದವ್ರು ಖರೇನ ತಿಳ್ಕೊಳ್ಳಾಕ ಬಂದಿರ್ತಾರ, ಅವರಿಗೆ ಟೈಮ್ ಕೊಡ್ರಿ. ನಿಮ್ಮದ ತಪ್ಪು ಇತ್ತಂದ್ರ ತಪ್ಪು ಆತು ಅಂತ ಹೇಳ್ರಿ. ಎರಡೂ ಟೀಮ್ ಹೊರಗ ಹೋಗೂತನಕ ಮೈದಾನ ಬಿಡಬ್ಯಾಡ್ರಿ, ಯಾಕಂದ್ರ ನೀವು ಹೋಗೂತನಕ ಕಾರ್ಡ್ ಅಧಿಕಾರ ನಡೀತೈತಿ, ಹೋದ ಮ್ಯಾಲ ಆದದ್ದನ್ನ ಬರ್ದು ಕೊಡೂದು ಅಷ್ಟ ಉಳೀತೈತಿ.

ರಿಪೋರ್ಟ್ ಅವತ್ತ ರಾತ್ರಿನ ಬರೀರಿ, ಮರುದಿನ ಬ್ಯಾಡ. ನಿಮಿಷ, ನಂಬರ್, ಎಲ್ಲ್ಯಾಗಿದ್ದು, ನೀವು ಎಷ್ಟು ದೂರ ಇದ್ರಿ, ನೀವ ನೋಡಿದ್ರೋ ಲೈನ್‌ಮನ್ ಹೇಳಿದ್ರೋ. "ಕೆಟ್ಟದಾಗಿ ಬೈದ" ಅಂತ ಬರದ್ರ ಕಮಿಟಿಯವ್ರು ಏನೂ ಮಾಡಾಕ ಆಗೂದಿಲ್ಲ. ಯಾವ ಶಬ್ದ, ಯಾವ ಭಾಷೆ, ಹಂಗ ಬರೀರಿ, ಬರಿಯಾಕ ನಾಚಿಕಿ ಬಂದ್ರೂ ಬರೀರಿ. ನಿಮ್ಮ ಸಿಟ್ಟು, ನಿಮ್ಮ ಊಹೆ ಬರೀಬ್ಯಾಡ್ರಿ. ಬರದಿದ್ದನ್ನ ಲೈನ್‌ಮನ್‌ಗೆ ಓದಿ ಹೇಳಿ, ಅವರಿಗೆ ಬ್ಯಾರೆ ಕಂಡಿದ್ರ ಅದನ್ನೂ ಸೇರಿಸಿ, ಆಮ್ಯಾಲ ಕಳಿಸ್ರಿ.